ಶೆರಿಫ್ ಶಾಸಕರಾದಾಗ ಲೆಕ್ಕ ಬರೆದವನು ನಾನು

ಟೆಕ್ಸಸ್‌ನಲ್ಲಿ ಶೆರಿಫ್ ಅಂದರೆ ನಮ್ಮ ಕಡೆಯ ಎಸ್‌ಪಿ ಮತ್ತು ಜೈಲು ಸೂಪರಿಂಟೆಂಡೆಂಟ್ ಇಬ್ಬರೂ ಒಬ್ಬರೇ ಆದಂತೆ. ಮೇಲಾಗಿ ನಾಲ್ಕು ವರ್ಷಕ್ಕೊಮ್ಮೆ ವೋಟು ಕೇಳಬೇಕು. ರಾಜ್ಯದ 254 ಕೌಂಟಿಗಳಿಗೂ (ನಮ್ಮ ಜಿಲ್ಲೆಗಳಿದ್ದಂತೆ) ಒಬ್ಬೊಬ್ಬರಿದ್ದಾರೆ. ನಮ್ಮ ಕೌಂಟಿಯವರು 2024ರಲ್ಲಿ ಆ ಕುರ್ಚಿ ಬಿಟ್ಟು ರಾಜ್ಯದ ಕೆಳಮನೆಗೆ ನಿಂತರು. ಅವರ ಪ್ರಚಾರದ ಖಜಾಂಚಿ ನಾನು. ಟ್ಯಾಕ್ಸ್ ರಿಟರ್ನ್ ಮಾಡಿಕೊಡುವ ಅಕೌಂಟೆಂಟ್. ಅಲ್ಲಿಯವರೆಗೆ ರಾಜಕೀಯದ ಗಂಧಗಾಳಿ ಇರಲಿಲ್ಲ.

ಅವರನ್ನು ರಾಜಧಾನಿ ಆಸ್ಟಿನ್ ಕಡೆ ತಿರುಗಿಸಿದ್ದು ಜೈಲಿನ ಬಜೆಟ್. ಮಾನಸಿಕ ಕಾಯಿಲೆಯಿಂದ ವಿಚಾರಣೆ ಎದುರಿಸಲಾರರು ಎಂದು ಕೋರ್ಟ್ ಹೇಳಿದ ಕೈದಿಗಳನ್ನು ರಾಜ್ಯದ ಆಸ್ಪತ್ರೆಗೆ ಕಳಿಸಬೇಕು. ಅಲ್ಲಿ ಹಾಸಿಗೆ ಇರುವುದಿಲ್ಲ. ತಿಂಗಳುಗಟ್ಟಲೆ ಕೌಂಟಿ ಜೈಲಿನಲ್ಲೇ ಕಾಯುತ್ತಾರೆ, ಖರ್ಚು ಕೌಂಟಿಯ ತಲೆಗೆ. ಆ ದುಡ್ಡಿಗೆ ಶೆರಿಫ್ ವರ್ಷಾವರ್ಷ ಕಮಿಷನರ್ಸ್ ಕೋರ್ಟಿನ ಐವರ ಮುಂದೆ ನಿಲ್ಲಬೇಕು. ಹೆಸರು ಕೋರ್ಟ್, ಆದರೆ ಅದು ಕೌಂಟಿಯ ಆಡಳಿತ ಮಂಡಳಿ. 2023ರಲ್ಲಿ ರಾಜ್ಯದ ಶಾಸನಸಭೆಯಲ್ಲಿ ಸೆನೆಟ್ ಬಿಲ್ 22 ಪಾಸಾಗಿ ಸಣ್ಣ ಕೌಂಟಿಗಳಿಗೆ ಅನುದಾನ ಬಂತು. ಅದನ್ನು ಪಡೆದ ಕಡೆ ಶೆರಿಫ್‌ಗೆ ವರ್ಷಕ್ಕೆ ಕನಿಷ್ಠ 75,000 ಡಾಲರ್, ಅವರ ಕೈಕೆಳಗಿನ ಪೊಲೀಸ್ ಅಧಿಕಾರಿ ಡೆಪ್ಯುಟಿಗೆ 45,000, ಜೈಲರ್‌ಗೆ 40,000 ಸಂಬಳ ಕೊಡಬೇಕೆಂದಾಯಿತು. ಕೇಳುವ ಜಾಗ ಯಾವುದು ಅಂತ ಅವರಿಗೆ ಆಗ ಖಚಿತವಾಯಿತು. ಶಾಸಕರ ಸಂಬಳವೋ, ತಿಂಗಳಿಗೆ 600 ಡಾಲರ್! ಅವರಿಗೆ ಪಿಂಚಣಿ ಇತ್ತು, ಸರಿಹೋಯಿತು.

ಮೊದಲ ತಲೆನೋವು ಕ್ಯಾಲೆಂಡರ್. ಅವಧಿ ಒಂದು ವರ್ಷ ಮೂವತ್ತು ದಿನಕ್ಕಿಂತ ಹೆಚ್ಚು ಉಳಿದಿರುವಾಗ ಬೇರೆ ಹುದ್ದೆಗೆ ನಿಲ್ಲುತ್ತೇನೆಂದು ಘೋಷಿಸಿದರೆ, ರಾಜ್ಯ ಸಂವಿಧಾನದ ಪ್ರಕಾರ ಅದೇ ರಾಜೀನಾಮೆ. ಅವರ ಅವಧಿ 2024ರ ಡಿಸೆಂಬರ್ ಕೊನೆಯವರೆಗೆ; ನಾಮಪತ್ರಕ್ಕೆ ಕೊನೆಯ ದಿನ 2023ರ ಡಿಸೆಂಬರ್ 11. ಅಂದರೆ ಬಾಯಿ ಬಿಡಲು ಸಿಗುವುದು ಹತ್ತೇ ದಿನ ಚಿಲ್ಲರೆ. ನವೆಂಬರ್ ಪೂರ್ತಿ ಯಾರು ಕೇಳಿದರೂ 'ನೋಡೋಣ' ಅಂದರು. ಊರಿಗೆಲ್ಲ ಗೊತ್ತಿದ್ದ ಗುಟ್ಟು ಅದು.

ದುಡ್ಡಿನದು ಬೇರೆಯದೇ ಕತೆ. ಶೆರಿಫ್ ಫೋನ್ ಮಾಡಿದರೆ ಜನ ಮೊದಲು ಹೆದರುತ್ತಾರೆ, ಮಗನಿಗೇನಾದರೂ ಆಯಿತಾ ಅಂತ. ಚಂದಾ ಮಾತು ಆಮೇಲೆ. ಟೆಕ್ಸಸ್‌ನಲ್ಲಿ ಶಾಸಕ ಸ್ಥಾನದ ಅಭ್ಯರ್ಥಿಗೆ ವ್ಯಕ್ತಿಗಳು ಎಷ್ಟು ಬೇಕಾದರೂ ಕೊಡಬಹುದು, ಕಾರ್ಪೊರೇಷನ್, ಅಂದರೆ ಕಂಪನಿಗಳು, ಕೊಡುವಂತಿಲ್ಲ. ದುಡ್ಡು ಪಡೆದು ಕೈದಿಗಳಿಗೆ ಜಾಮೀನು ನಿಲ್ಲುವ ಬಾಂಡ್ ವ್ಯಾಪಾರಿಗಳ ಚೆಕ್‌ಗಳನ್ನು ಕಾನೂನು ಬಿಟ್ಟರೂ ನಾವು ವಾಪಸ್ ಕಳಿಸಿದೆವು. ಅವರ ಬಾಂಡ್ ಒಪ್ಪಬೇಕಾದವರು ಶೆರಿಫ್ ಕಚೇರಿಯವರೇ ತಾನೆ. ಕನ್ನಡ ಸಂಘದ ಗೆಳೆಯರೂ ಕೊಡಲು ಬಂದರು. ಗ್ರೀನ್ ಕಾರ್ಡ್ ಇದ್ದವರಿಂದ ತೆಗೆದುಕೊಂಡೆ. ಎಚ್-1ಬಿ ಮೇಲಿದ್ದವರಿಗೆ ಆಗುವುದಿಲ್ಲ ಎಂದೆ, ಸಂಬಳವಿಲ್ಲದೆ ಕರಪತ್ರ ಹಂಚಲು ಅಡ್ಡಿಯಿಲ್ಲ. ಒಬ್ಬರು ಬೇಜಾರು ಮಾಡಿಕೊಂಡರು. ಚುನಾವಣೆಗೆ ಮೂವತ್ತು ದಿನ ಮತ್ತು ಎಂಟು ದಿನ ಮೊದಲು ಚುನಾವಣಾ ಲೆಕ್ಕ ನೋಡುವ ರಾಜ್ಯದ ಎಥಿಕ್ಸ್ ಕಮಿಷನ್‌ಗೆ ಲೆಕ್ಕ ಕೊಡಬೇಕು. ಕಾನೂನಿನಲ್ಲಿ ಹೊಣೆ ಅಭ್ಯರ್ಥಿಯದು, ರಾತ್ರಿ ಕೂತು ರಸೀದಿ ಹೊಂದಿಸುವ ಕೆಲಸ ನನ್ನದು.

ಕ್ಷೇತ್ರ ಅಂದರೆ ಸುಮಾರು 1.94 ಲಕ್ಷ ಜನ, ಹಲವು ಕೌಂಟಿಗಳು. ನಮ್ಮ ಗಡಿ ದಾಟಿದರೆ ಅವರು ಯಾರೋ ಒಬ್ಬ ಟೋಪಿಯವರು. ಅಲ್ಲಿನವರಿಗೆ ತಮ್ಮ ಶೆರಿಫ್ ಇದ್ದರು, ಅವರ ಬೆಂಬಲ ಕೇಳಲು ಅವರ ಕಚೇರಿಗೇ ಹೋಗಬೇಕಾಯಿತು. ಜನ ಕೇಳಿದ್ದೂ ಜೈಲಿನ ಬಗ್ಗೆ ಅಲ್ಲ. ಆಸ್ತಿ ತೆರಿಗೆ, ಖಾಸಗಿ ಶಾಲೆಗೆ ಸರ್ಕಾರಿ ದುಡ್ಡು. ಇಪ್ಪತ್ತು ವರ್ಷ ಆರ್ಡರ್ ಕೊಟ್ಟು ಅಭ್ಯಾಸವಾದವರು ಕೈಕಟ್ಟಿ ಕೇಳಿಸಿಕೊಳ್ಳಲು ಕಲಿತದ್ದು ಆ ತಿಂಗಳುಗಳಲ್ಲೇ. ನನ್ನ ಪ್ರಕಾರ ಗೆಲ್ಲಿಸಿದ್ದು ಅದು, ಬ್ಯಾಡ್ಜ್ ಅಲ್ಲ.

ಮಾರ್ಚ್ 5ರ ರಿಪಬ್ಲಿಕನ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಯಾರಿಗೂ ಅರ್ಧಕ್ಕಿಂತ ಹೆಚ್ಚು ಬೀಳಲಿಲ್ಲ. ಮೊದಲ ಇಬ್ಬರ ನಡುವೆ ಮೇ 28ರಂದು ನಡೆದ ಮರುಸ್ಪರ್ಧೆಯಲ್ಲಿ (ರನ್‌ಆಫ್) ಗೆದ್ದರು. ರಿಪಬ್ಲಿಕನ್ನರೇ ಗೆಲ್ಲುವ ನಮ್ಮಂಥ ಕ್ಷೇತ್ರದಲ್ಲಿ ನವೆಂಬರಿನ ಮುಖ್ಯ ಚುನಾವಣೆ ಬರೀ ಶಾಸ್ತ್ರ. ಅಧಿವೇಶನಕ್ಕೆ ಮೂವತ್ತು ದಿನ ಮೊದಲೇ ಚಂದಾ ಬಂದ್, ಮುಗಿಯುವವರೆಗೂ ಪೈಸೆ ಮುಟ್ಟುವಂತಿಲ್ಲ. ರನ್‌ಆಫ್‌ನ ಸಾಲ ತೀರಿಸಲು ನನಗೆ ಸಿಕ್ಕಿದ್ದು ಡಿಸೆಂಬರ್ ನಡುವಿನವರೆಗೆ ಮಾತ್ರ. ಪ್ರಿಂಟಿಂಗ್ ಪ್ರೆಸ್‌ನವರ ಬಿಲ್ ಎಲ್ಲಕ್ಕಿಂತ ದೊಡ್ಡದಿತ್ತು, ಅದನ್ನೇ ಮೊದಲು ಕೊಟ್ಟೆ.