ನಿಮ್ಮ ಮ್ಯುಟೆಂಟ್ ಇಲೀನ ಬೇರೆ ಲ್ಯಾಬಿಗೆ ಕೊಡೋದು ಹೇಗೆ

ಪೇಪರ್ ಪಬ್ಲಿಶ್ ಆಯ್ತು ಅಂದ್ರೆ ಸಾಕು, "ನಿಮ್ಮ ನಾಕೌಟ್ ಇಲಿ ಒಂದೆರಡು ಜೋಡಿ ಕಳಿಸ್ತೀರಾ" ಅಂತ ಮೇಲ್ ಬರೋಕೆ ಶುರು (ನಾಕೌಟ್ ಅಂದ್ರೆ ಒಂದು ಜೀನನ್ನ ಕೆಲ್ಸ ಮಾಡದ ಹಾಗೆ ಮಾಡಿರೋ ಇಲಿ). ಹೂಂ ಅಂದ್ಬಿಡೋದು ಸುಲಭ, ಆಮೇಲೆ ಹೆಲ್ತ್ ರಿಪೋರ್ಟು, ಎಂಟಿಎ ಅಗ್ರಿಮೆಂಟು (ಯಾವ ಷರತ್ತಿನ ಮೇಲೆ ಇಲಿ ಕೊಡೋದು ಅನ್ನೋ ಒಪ್ಪಂದ), ಕೊರಿಯರು, ಆ ಕಡೆ ಕ್ವಾರಂಟೈನು, ಮಗಳ ಮದುವೆ ಮಾಡಿದಷ್ಟು ಓಡಾಟ. ಅದೂ ಪ್ರತಿ ಲ್ಯಾಬಿಗೂ ಹೊಸದಾಗಿ.

ನನ್ನ ಪ್ರಕಾರ ಒಬ್ಬರು ಕೇಳಿದ್ರೆ ನೀವೇ ಕಳಿಸಿ, ಎರಡನೆಯವರು ಕೇಳಿದ ದಿನಾನೇ ರೆಪಾಸಿಟರಿಗೆ, ಅಂದ್ರೆ ಇಲಿ ತಳಿಗಳನ್ನ ಕಾಪಾಡಿ ಕೇಳಿದೋರಿಗೆ ಕೊಡೋ ಕೇಂದ್ರಕ್ಕೆ, ಅಪ್ಲೈ ಮಾಡಿ. ಅಮೆರಿಕಾದಲ್ಲಿದ್ರೆ ಎಂಎಂಆರ್‌ಆರ್‌ಸಿ ಇದೆ, 1999ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ದುಡ್ಡಲ್ಲಿ ಶುರುವಾಗಿದ್ದು, ಈಗ ಡೇವಿಸ್, ಮಿಸೌರಿ, ನಾರ್ತ್ ಕ್ಯಾರೊಲಿನಾ, ಮತ್ತೆ ಬಾರ್ ಹಾರ್ಬರ್‌ನ ಜಾಕ್ಸನ್ ಲ್ಯಾಬು ಅಂತ ನಾಲ್ಕು ಸೆಂಟರ್. ಯೂರೋಪಲ್ಲಿ ಎಮ್ಮಾ, ಜಪಾನಲ್ಲಿ ತ್ಸುಕುಬಾದ ರಿಕೆನ್. ಎಂಎಂಆರ್‌ಆರ್‌ಸಿಗೆ ಕೊಡೋರಿಗೆ ಖರ್ಚಿಲ್ಲ, ತಗೊಳ್ಳೋರು ಕಟ್ತಾರೆ. ನಿಮ್ಮ ಸ್ಟ್ರೇನ್ (ಇಲಿ ತಳಿ) ಇಟ್ಕೊಳ್ಳೋಕೆ ಯೋಗ್ಯಾನಾ ಅಂತ ಅವರ ಕಮಿಟಿ ನೋಡುತ್ತೆ, ಹೂಂ ಅಂದ್ರೆ ಇಲಿ ತಗೊಂಡು ವೀರ್ಯಾನೋ ಭ್ರೂಣಾನೋ ಮೈನಸ್ 196 ಡಿಗ್ರಿ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಫ್ರೀಜ್ ಮಾಡಿಡ್ತಾರೆ.

ಇಲ್ಲಿ ಒಂದು ವಿಷ್ಯ ಯೋಚ್ನೆ ಮಾಡಿ. ವೀರ್ಯ ಫ್ರೀಜ್ ಮಾಡೋದು ಅಗ್ಗ, ಕೆಲವೇ ಗಂಡಿಲಿ ಸಾಕು, ಆದ್ರೆ ಅದ್ರಲ್ಲಿರೋದು ಅರ್ಧ ಜೀನೋಮ್ ಮಾತ್ರ, ಮೊಟ್ಟೆ ಬರೋದು ಮಾಮೂಲಿ ಇಲಿಯಿಂದ. ಒಂದೇ ಮ್ಯುಟೇಶನ್ ಆದ್ರೆ ಪರ್ವಾಗಿಲ್ಲ. ಬೇರೆ ಬೇರೆ ಕ್ರೋಮೋಸೋಮ್ ಮೇಲೆ ಮೂರು ಮ್ಯುಟೇಶನ್ ಇದ್ರೆ, ಹುಟ್ಟಿದ ಮರಿಗಳನ್ನ ಮತ್ತೆ ಕೂಡಿಸಿ ಮೂರೂ ಹೋಮೋಜೈಗಸ್ (ಜೀನಿನ ಎರಡೂ ಪ್ರತೀಲಿ ಮ್ಯುಟೇಶನ್) ಇರೋ ಮರಿ ಸಿಗೋದು 64ರಲ್ಲಿ ಒಂದು, ತಗೊಂಡೋರು ನಿಮ್ಗೆ ಶಾಪ ಹಾಕ್ತಾರೆ. ಅಂಥದಕ್ಕೆ ಭ್ರೂಣಾನೇ ಫ್ರೀಜ್ ಮಾಡ್ಸಿ.

ಇಲಿ ಜೊತೆ ಹೋಗೋ ಮಾಹಿತಿ ಇನ್ನೂ ಮುಖ್ಯ. ಮರೀಲಿ ಮ್ಯುಟೇಶನ್ ಇದೆಯಾ ಅಂತ ಪಿಸಿಆರ್ ಅನ್ನೋ ಡಿಎನ್‌ಎ ಟೆಸ್ಟಲ್ಲಿ ನೋಡ್ಬೇಕಲ್ಲ, ಅದಕ್ಕೆ ಪ್ರೈಮರ್ (ಟೆಸ್ಟಿಗೆ ಹಾಕೋ ಚಿಕ್ಕ ಡಿಎನ್‌ಎ ತುಣುಕು) ಸೀಕ್ವೆನ್ಸು, ಪಿಸಿಆರ್ ಟೆಂಪರೇಚರು, ಬ್ಯಾಂಡ್ (ಜೆಲ್ ಮೇಲೆ ಕಾಣೋ ಗೆರೆ) ಸೈಜು ಎಲ್ಲಾ ಬರೀರಿ, ನಿಮ್ಮ ಲ್ಯಾಬಲ್ಲಿ ಹೊಸದಾಗಿ ಸೇರಿದ ಹುಡುಗನ ಕೈಲಿ ಬರೀ ಅದನ್ನ ನೋಡ್ಕೊಂಡು ಮಾಡ್ಸಿ, ಬ್ಯಾಂಡ್ ಬಂದ್ರೆ ಸರಿ. ಬ್ಯಾಕ್‌ಗ್ರೌಂಡ್ (ಇಲಿಯ ಮೂಲ ತಳಿ) ಅಂತ ಬರೀ "ಬ್ಲಾಕ್ ಸಿಕ್ಸ್" ಅಂತ ಬರೀಬೇಡಿ ದಯವಿಟ್ಟು. ಬ್ಲಾಕ್ ಸಿಕ್ಸಲ್ಲೇ 6ಜೆ, 6ಎನ್ ಅಂತ ಒಳತಳಿಗಳಿವೆ: 6ಜೆ ಇಲೀಲಿ ಎನ್‌ಎನ್‌ಟಿ ಜೀನ್ ಕೆಟ್ಟಿರುತ್ತೆ, 6ಎನ್ ಇಲೀಲಿ ಸಿಆರ್‌ಬಿ1 ಜೀನಿನ ಆರ್‌ಡಿ8 ಮ್ಯುಟೇಶನ್ ಇರುತ್ತೆ, ರೆಟಿನಾ ಹಾಳಾಗುತ್ತೆ. ಕಣ್ಣಿನ ಮೇಲೆ ಕೆಲ್ಸ ಮಾಡೋರು ಅದು ನಿಮ್ಮ ಜೀನಿಂದ ಆಗಿದ್ದು ಅಂತ ವರ್ಷಗಟ್ಲೆ ಹಿಂದೆ ಬಿದ್ರೆ ತಪ್ಪು ಯಾರದು?

ಎಂಟಿಎ ಬೇಗ ಶುರು ಮಾಡಿ, ವಕೀಲರ ಕೈಗೆ ಹೋದ್ರೆ ತಿಂಗಳುಗಳೇ ಆಗ್ಬಹುದು. ಇನ್ನೊಬ್ಬರ ಕ್ರೀ ಇಲಿ (ಬೇಕಾದ ಅಂಗದಲ್ಲಿ ಮಾತ್ರ ಜೀನ್ ಕತ್ತರಿಸೋಕೆ ಬಳಸೋ ಇಲಿ) ಜೊತೆ ಕ್ರಾಸ್ ಮಾಡಿದ್ರೆ ಅವರ ಒಪ್ಪಿಗೇನೂ ಬೇಕು.

ಬೆಂಗಳೂರಲ್ಲಿ ಕೂತು ತರ್ಸೋರು ಮೊದ್ಲು ಐಎಂಎಸ್‌ಆರ್ (ಜಗತ್ತಿನ ರೆಪಾಸಿಟರಿಗಳಲ್ಲಿರೋ ಇಲಿಗಳ ಪಟ್ಟಿ) ಕ್ಯಾಟಲಾಗಲ್ಲಿ ಹುಡುಕಿ, ಎಲ್ಲೋ ಆಗ್ಲೇ ಇರ್ಬಹುದು. ನಿಮ್ಮ ಸಂಸ್ಥೆಯ ಎಥಿಕ್ಸ್ ಕಮಿಟಿ ಒಪ್ಪಿಗೆ, ಇಂಪೋರ್ಟ್ ಪೇಪರು ರೆಡಿ ಆಗೋವರೆಗೂ ಆರ್ಡರ್ ಮಾಡ್ಬೇಡಿ. ಆದಷ್ಟು ಫ್ರೋಜನ್ ತರ್ಸಿ. ಅದನ್ನ ಕಳಿಸೋ ಡಬ್ಬಿ, ಡ್ರೈ ಶಿಪ್ಪರ್‌ನಲ್ಲಿ ಒಳಗಿನ ವಸ್ತುವೇ ನೈಟ್ರೋಜನ್ ಹೀರ್ಕೊಂಡಿರುತ್ತೆ, ಚೆಲ್ಲೋ ಭಯ ಇಲ್ಲ. ಬಾಡಿಗೆ ತಾಯಿ ಇಲಿಗೆ ಭ್ರೂಣ ಹಾಕಿದ್ರೆ 19-21 ದಿನಕ್ಕೆ ಮರಿ, ಹಳೇ ಕಾಲೊನಿಯ ವೈರಸ್ಸು, ಹುಳ ಎಲ್ಲಾ ಬಹುಮಟ್ಟಿಗೆ ಅಲ್ಲೇ ಉಳಿಯುತ್ತೆ.

ಕೊಡೋರಿಗೆ ಇನ್ನೊಂದು ಮಾತು. ಫ್ರೀಜ್ ಮಾಡಿದ್ವಿ ಅಂತ ಮೇಲ್ ಬಂದ ತಕ್ಷಣ ಕಾಲೊನಿ ಮುಚ್ಚಬೇಡಿ. ಕರಗಿಸಿ ನೋಡಿದ್ವಿ, ಭ್ರೂಣ ಬೆಳೀತು, ಜೀನೋಟೈಪ್ (ಯಾವ ಮ್ಯುಟೇಶನ್ ಇದೆ ಅನ್ನೋದು) ಸರಿ ಇದೆ ಅನ್ನೋ ಎರಡನೇ ಮೇಲ್ ಬರೋವರೆಗೂ ಕೊನೇ ಎರಡು ಕೇಜ್ ಇಟ್ಕೊಂಡಿರಿ.