ಯಾವುದರ ಬಲದಿಂದ ತೇಲುತ್ತಿದೆ? ಕಾಫಿ ತೋಟದ ಕೆರೆಯಲ್ಲಿ ಪಾಚಿ ಗುರುತಿಸಲು ಕಲಿತದ್ದು

ದಕ್ಷಿಣ ಕೊಡಗಿನ ನಮ್ಮ ರೊಬಸ್ಟಾ ತೋಟದ ತಗ್ಗಿನಲ್ಲಿ, ಗದ್ದೆಗೆ ತಾಗಿಕೊಂಡಂತೆ, ಒಂದು ಕೆರೆಯಿದೆ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕಾಫಿ ಗಿಡದ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಓಡಿಸಲು ನಮಗಿರುವುದು ಅದರ ನೀರೊಂದೇ. ಬಿಸಿಲು ಏರಿದಂತೆ ಕೆರೆಯ ಮೇಲೆ ಹಸಿರು ಹಬ್ಬುತ್ತದೆ, ಪಂಪಿನ ಫುಟ್‌ವಾಲ್ವ್‌ಗೆ ಸುತ್ತಿಕೊಳ್ಳುತ್ತದೆ, ಜೆಟ್‌ಗಳ ಬಾಯಿ ಕಟ್ಟುತ್ತದೆ. ತೋಟದಲ್ಲಿ ಇದಕ್ಕೆಲ್ಲ ಇರುವ ಹೆಸರು ಒಂದೇ: ಪಾಚಿ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ್ದ ನಾನೂ ತೋಟದ ಹೊಣೆ ಹೊತ್ತ ಮೊದಲ ವರ್ಷಗಳಲ್ಲಿ ಹಾಗೆಯೇ ಕರೆದೆ, ಅದಕ್ಕೆ ತಕ್ಕ ಬೆಲೆಯನ್ನೂ ತೆತ್ತೆ.

ಅದೊಂದು ಮಾರ್ಚ್‌ನಲ್ಲಿ ಕೆರೆಯ ಒಂದು ಮೂಲೆಗೆ ಯಾರೋ ಹಸಿರು ಬಣ್ಣದ ಡಬ್ಬಿ ಸುರಿದಂತೆ ಕಂಡಿತು. ಗೊಬ್ಬರ, ಔಷಧಿ ಕೊಳ್ಳುವ ಅಂಗಡಿಯಲ್ಲಿ ಕೇಳಿದಾಗ, ಪಾಚಿಗೆ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಹಾಕಿದರೆ ಎರಡೇ ದಿನದಲ್ಲಿ ಹೋಗುತ್ತದೆ ಎಂದರು. ಮೆಣಸಿನ ಬಳ್ಳಿಗೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಲೆಂದು ತಂದಿಟ್ಟ ಮೈಲುತುತ್ತು ನಮ್ಮ ಉಗ್ರಾಣದಲ್ಲಿ ಇದ್ದೇ ಇರುತ್ತದೆ. ಕರಗಿಸಿ ಹಾಕಿಸಿದೆ. ಮೂರನೆಯ ಬೆಳಿಗ್ಗೆ ಹಸಿರು ಹೋಗಿತ್ತು, ಅದರ ಜಾಗದಲ್ಲಿ ನಾವು ಸಾಕಿದ್ದ ಕಾಟ್ಲಾ, ರೋಹು ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನಾನು ಕೊಂದದ್ದು ನೂಲಿನಂಥ ಸಾಧಾರಣ ಪಾಚಿಯನ್ನಲ್ಲ, ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿಯನ್ನು ಎಂಬುದು ಆಮೇಲೆ ತಿಳಿಯಿತು. ಹೆಸರಿನಲ್ಲಿ ಪಾಚಿಯಾದರೂ ಅದು ಬ್ಯಾಕ್ಟೀರಿಯಾಗಳ ವರ್ಗಕ್ಕೆ ಸೇರಿದ್ದು. ಅದರ ಹಲವು ತಳಿಗಳು ಯಕೃತ್ತಿಗೆ ಹಾನಿ ಮಾಡುವ ವಿಷವನ್ನು ಜೀವಕೋಶದೊಳಗೆ ಕೂಡಿಟ್ಟುಕೊಂಡಿರುತ್ತವೆ. ತಾಮ್ರ ಬಿದ್ದಾಗ ಕೋಶಗಳೆಲ್ಲ ಒಮ್ಮೆಗೇ ಒಡೆದು ಆ ವಿಷ ನೀರಿಗೆ ಇಳಿಯುತ್ತದೆ, ಸತ್ತ ರಾಶಿಯನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನು ಬರಿದು ಮಾಡುತ್ತವೆ. ಆ ವಾರ ನಮ್ಮ ಹಸುಗಳನ್ನು ಕೆರೆಯ ಕಡೆ ಬಿಟ್ಟಿರಲಿಲ್ಲ ಎಂಬುದನ್ನು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ.

ಮೀನುಗಳನ್ನು ಹೂಳಿಸಿ ಬಂದ ಆ ರಾತ್ರಿ ನನಗೆ ನೆನಪಾದದ್ದು ಕಾಲೇಜಿನ ದಿನಗಳ ಕಾರವಾರದ ಪ್ರವಾಸ. ಅಲೆಗಳು ತಂದು ಹಾಕಿದ್ದ ಸರ್ಗಾಸಮ್ ಎಂಬ ಕಂದು ಕಡಲಕಳೆಯನ್ನು ಕೈಗಿತ್ತು ನಮ್ಮ ಅಧ್ಯಾಪಕಿ ಎರಡು ಪ್ರಶ್ನೆ ಕೇಳಿದ್ದರು: ಇದು ತೇಲುತ್ತಲೇ ಬೆಳೆದದ್ದೋ, ಎಲ್ಲಿಂದಲೋ ಕಿತ್ತು ಬಂದು ತೇಲಿದ್ದೋ? ಇದನ್ನು ತೇಲಿಸುತ್ತಿರುವುದು ಯಾವುದು? ಎಲೆಯಂಥ ಭಾಗಗಳ ನಡುವೆ ಬಟಾಣಿ ಕಾಳಿನಂಥ ಗಾಳಿಗುಂಡುಗಳಿದ್ದವು, ಒತ್ತಿದರೆ ಪಟ್ಟೆಂದು ಒಡೆಯುತ್ತಿದ್ದವು. ಬುಡದಲ್ಲಿ ಬಂಡೆಯನ್ನು ಕಚ್ಚಿ ಹಿಡಿದಿದ್ದ ಗುರುತೂ ಇತ್ತು. ನಮ್ಮ ಕರಾವಳಿಯ ಸರ್ಗಾಸಮ್ ಬಂಡೆಯ ಮೇಲೆ ಬೆಳೆದು, ಅಲೆಗೆ ಕಿತ್ತು, ಆ ಗುಂಡುಗಳ ಬಲದಿಂದ ತೇಲುತ್ತದೆ. ಅಟ್ಲಾಂಟಿಕ್ ಸಾಗರದ ಸರ್ಗಾಸೊ ಸಮುದ್ರದಲ್ಲಿರುವ ನಟಾನ್ಸ್ ಮತ್ತು ಫ್ಲೂಯಿಟಾನ್ಸ್ ಎಂಬ ಎರಡು ಪ್ರಭೇದಗಳಿಗಾದರೋ ಬುಡವೇ ಇಲ್ಲ, ಅವು ಬದುಕಿಡೀ ತೇಲಿಕೊಂಡೇ ಇರುತ್ತವೆ. ಅವೆರಡನ್ನು ಬೇರ್ಪಡಿಸಲು ನೋಡುವುದೂ ಮುಖ್ಯವಾಗಿ ಗಾಳಿಗುಂಡನ್ನೇ: ನಟಾನ್ಸ್‌ನ ಗುಂಡಿನ ತುದಿಯಲ್ಲಿ ಸಾಮಾನ್ಯವಾಗಿ ಸಣ್ಣ ಮುಳ್ಳಿರುತ್ತದೆ, ಫ್ಲೂಯಿಟಾನ್ಸ್‌ನಲ್ಲಿ ಮುಳ್ಳು ಕಾಂಡದ ಮೇಲಿರುತ್ತದೆ.

ಕಡಲಕಳೆಗಳನ್ನು ಬಣ್ಣದ ಆಧಾರದ ಮೇಲೆ ಹಸಿರು, ಕಂದು, ಕೆಂಪು ಎಂದು ವಿಂಗಡಿಸುವ ಕ್ರಮವನ್ನು ಐರಿಷ್ ಸಸ್ಯಶಾಸ್ತ್ರಜ್ಞ ವಿಲಿಯಂ ಹೆನ್ರಿ ಹಾರ್ವಿ 1836ರಲ್ಲಿ ಮುಂದಿಟ್ಟರು. ದೊಡ್ಡ ಗುಂಪುಗಳಿಗೆ ಅದು ಇಂದಿಗೂ ಉಳಿದಿದೆ, ಏಕೆಂದರೆ ಬಣ್ಣದ ಹಿಂದಿರುವ ವರ್ಣಕಗಳು ನಿಜವಾಗಿಯೂ ಬೇರೆ ಬೇರೆ. ಆದರೆ ಮರಳ ಮೇಲೆ ಬಿಸಿಲಿಗೆ ಬಿದ್ದ ಕೆಂಪು ಕಡಲಕಳೆ ಬಣ್ಣ ಕಳೆದುಕೊಂಡು ಒಣಹುಲ್ಲಿನಂತೆ ಕಾಣುವುದನ್ನು ಅಲ್ಲಿಯೇ ನೋಡಿದ್ದೆ. ಕೆರೆಯಲ್ಲಂತೂ ಎಲ್ಲವೂ ಹಸಿರೇ. ಹಾಗಾಗಿ ನಾನು ಬಣ್ಣವನ್ನು ಪಕ್ಕಕ್ಕಿಟ್ಟು, ಅಧ್ಯಾಪಕಿಯ ಎರಡನೆಯ ಪ್ರಶ್ನೆಯನ್ನೇ ಹಿಡಿದು ಕೆರೆಗೆ ಇಳಿದೆ.

ಮೊದಲು ಗುರುತು ಸಿಕ್ಕಿದ್ದು ಸ್ಪೈರೋಗೈರಾಗೆ. ಪಂಪ್ ನೋಡಿಕೊಳ್ಳುವ ಹಿರಿಯರು ಒಂದು ದಿನ, "ಅಕ್ಕಾ, ಬೆಳಿಗ್ಗೆ ಬಾಚಿದ ಜಾಗದಲ್ಲೇ ಮಧ್ಯಾಹ್ನ ಮತ್ತೆ ಬಂದು ಕೂತಿದೆ ನೋಡಿ" ಎಂದರು. ನಾಲ್ಕೈದು ಗಂಟೆಯಲ್ಲಿ ಅಷ್ಟು ಬೆಳೆಯುವುದು ಸಾಧ್ಯವಿಲ್ಲ ಎನಿಸಿ ದಡದಲ್ಲೇ ಕುಳಿತು ನೋಡಿದೆ. ಬಿಸಿಲು ನೇರವಾದಾಗ ತಳದಲ್ಲಿದ್ದ ನೂಲಿನ ಮುದ್ದೆಗಳ ನಡುವೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕಟ್ಟಿಕೊಳ್ಳುತ್ತಿದ್ದವು. ಗುಳ್ಳೆ ಸಾಕಷ್ಟಾದ ಮುದ್ದೆ ಒಮ್ಮೆ ಅಲುಗಿ, ಓರೆಯಾಗಿ, ಮೆಲ್ಲಗೆ ಮೇಲೆದ್ದು ಬರುತ್ತಿತ್ತು. ಅದು ದ್ಯುತಿಸಂಶ್ಲೇಷಣೆಯಿಂದ ಹೊರಬಂದು ನೂಲುಗಳ ನಡುವೆ ಸಿಕ್ಕಿಕೊಂಡ ಆಮ್ಲಜನಕ. ಅಂದರೆ ಈ ಪಾಚಿಗೆ ತನ್ನದೇ ಆದ ತೇಲುವ ಅಂಗವಿಲ್ಲ. ಬಿಸಿಲಿಗೆ ಏಳುತ್ತದೆ, ರಾತ್ರಿ ಮತ್ತೆ ತಳ ಸೇರುತ್ತದೆ. ಅಂದಿನಿಂದ ನಾವು ಬಾಚುವುದು ಮಧ್ಯಾಹ್ನ ಎರಡರ ಮೇಲೆ ಮಾತ್ರ. ಕೈಯಲ್ಲಿ ಹಿಡಿದರೆ ಸ್ಪೈರೋಗೈರಾ ಲೋಳೆಯಾಗಿ ಜಾರುತ್ತದೆ, ಕವಲೊಡೆಯುವುದಿಲ್ಲ, ಸೂಕ್ಷ್ಮದರ್ಶಕದಲ್ಲಿ ಪ್ರತಿ ಕೋಶದೊಳಗೂ ಹಸಿರು ಪಟ್ಟಿ ಸುರುಳಿಯಾಗಿ ಸುತ್ತಿರುತ್ತದೆ. ಜಾರದೆ ಒರಟು ಹತ್ತಿಯಂತೆ ಕೈಗೆ ಸಿಗುವ, ಕವಲುಕವಲಾದ ನೂಲು ಕ್ಲಾಡೋಫೋರಾ. ಗದ್ದೆಯ ಅಂಚಿನ ನಿಂತ ನೀರಿನಲ್ಲಿ ಒಮ್ಮೆ ಸಿಕ್ಕ ಹೈಡ್ರೊಡಿಕ್ಟಿಯಾನ್ ಅನ್ನು ಅಂಗೈಯ ಮೇಲೆ ಹರಡಿದಾಗ ಐದು, ಆರು ಮೂಲೆಗಳ ಕಣ್ಣುಗಳಿದ್ದ ಹಸಿರು ಬಲೆಯೇ ತೆರೆದುಕೊಂಡಿತು. ಅಷ್ಟು ಅಂದವಾದ ಪಾಚಿಯನ್ನು ನಾನು ಬೇರೆ ಕಂಡಿಲ್ಲ.

ನನ್ನ ಮೀನುಗಳನ್ನು ಬಲಿ ತೆಗೆದುಕೊಂಡ ಮೈಕ್ರೋಸಿಸ್ಟಿಸ್‌ನ ರೀತಿಯೇ ಬೇರೆ. ಅದರ ಪ್ರತಿ ಕೋಶದೊಳಗೂ ಪ್ರೋಟೀನಿನ ಗೋಡೆಯಿರುವ ಅತಿ ಸಣ್ಣ ಗಾಳಿಕೊಳವೆಗಳಿರುತ್ತವೆ, ತೇಲುವ ಶಕ್ತಿ ಅದರ ಮೈಯೊಳಗೇ ಇದೆ. ಇದನ್ನು ಬಳಸಿಕೊಂಡೇ ಗುರುತಿಸಬಹುದು. ಕೋಲನ್ನು ಅದ್ದಿ ಎತ್ತಿದಾಗ ಕೂದಲಿನಂತೆ ಜೋತುಬಿದ್ದರೆ ನೂಲುಪಾಚಿ, ಬಣ್ಣದಂತೆ ಕೋಲಿಗೆ ಬಳಿದುಕೊಂಡರೆ ಅನುಮಾನ ಪಡಬೇಕು. ಆಗ ಕೈಗವಸು ಹಾಕಿಕೊಂಡು, ಮೇಲ್ಪದರಕ್ಕಿಂತ ತುಸು ಕೆಳಗಿನ ನೀರನ್ನು ಗಾಜಿನ ಬಾಟಲಿಯ ಮುಕ್ಕಾಲು ಭಾಗಕ್ಕೆ ತುಂಬಿ, ಅಲುಗಿಸದೆ ರಾತ್ರಿಯಿಡೀ ನೆರಳಿನಲ್ಲಿಡುತ್ತೇನೆ. ಬೆಳಿಗ್ಗೆ ಹಸಿರೆಲ್ಲ ಕತ್ತಿನ ಬಳಿ ಉಂಗುರದಂತೆ ಕೂತಿದ್ದರೆ ಅದು ಬಹುಪಾಲು ನೀಲಿ-ಹಸಿರು ಪಾಚಿ, ತಳಕ್ಕಿಳಿದಿದ್ದರೆ ಬೇರೆ. ನೂಲುಪಾಚಿಯ ಮೇಲೆ ಈ ಪರೀಕ್ಷೆ ಮಾಡಬಾರದು, ಗುಳ್ಳೆ ಸಿಕ್ಕಿಕೊಂಡು ಅದೂ ಮೇಲಕ್ಕೆ ಬಂದು ದಾರಿ ತಪ್ಪಿಸುತ್ತದೆ. ಉಂಗುರ ಕಂಡ ದಿನ ದನಗಳನ್ನು ಆ ನೀರಿನಿಂದ ದೂರವಿಡುತ್ತೇವೆ, ಮೈಲುತುತ್ತನ್ನು ಮುಟ್ಟುವುದಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್ ತೊಳೆದ ನೀರು ಮತ್ತು ಗೊಬ್ಬರ ಕೊಚ್ಚಿಕೊಂಡ ಮಳೆನೀರು ಕೆರೆಗೆ ಬರುವ ಕಾಲುವೆಯನ್ನು ಬೇರೆ ಕಡೆ ತಿರುಗಿಸಿದೆವು. ಈ ಪಾಚಿಗೆ ರಂಜಕವೂ ಸಾರಜನಕವೂ ಸಿಗುವುದು ಅಲ್ಲಿಂದಲೇ.

ಪಾಚಿಯೆಂದು ಕರೆಸಿಕೊಂಡರೂ ಪಾಚಿಯೇ ಅಲ್ಲದವೂ ಇವೆ. ಬೇರು ಎಣಿಸಿದರೆ ಸಾಕು, ನೀರಿನ ಮೇಲಿನ ಪುಟ್ಟ ಹಸಿರು ಬಿಲ್ಲೆಗಳು ಬೇರ್ಪಡುತ್ತವೆ: ಒಂದೇ ಬೇರಿದ್ದರೆ ಲೆಮ್ನಾ, ಗೊಂಚಲು ಬೇರಿದ್ದು ಅಡಿಭಾಗ ನೇರಳೆಗೆಂಪಾಗಿದ್ದರೆ ಸ್ಪೈರೊಡೆಲಾ, ಬೇರೇ ಇಲ್ಲದ ರವೆಯಂಥ ಕಾಳಾದರೆ ವುಲ್ಫಿಯಾ. ಇವು ಮೂರೂ ಹೂಬಿಡುವ ಸಸ್ಯಗಳು.

ನನ್ನ ಎರಡನೆಯ ತಪ್ಪು ಇಲ್ಲಿಯೇ ಆಗುವುದರಲ್ಲಿತ್ತು. ಹಸುವಿಗೆ ಮೇವಾಗುವ, ನೀರಿನ ಮೇಲೆ ತೇಲುವ ಪುಟ್ಟ ಜರೀಗಿಡ ಅಜೋಲಾ ಎಂದು ಪರಿಚಯದವರೊಬ್ಬರು ಬಕೆಟ್ಟಿನಲ್ಲಿ ತಂದುಕೊಟ್ಟದ್ದನ್ನು ಕೆರೆಗೆ ಬಿಡುವ ಮುನ್ನ ಭೂತಗನ್ನಡಿಯಲ್ಲಿ ನೋಡಿದೆ. ಎಲೆಯ ಮೇಲೆ ಸಾಲು ಸಾಲಾಗಿ ರೋಮಗಳಿದ್ದವು. ಪ್ರತಿಯೊಂದೂ ನಾಲ್ಕಾಗಿ ಕವಲೊಡೆದು, ತುದಿಯಲ್ಲಿ ಮತ್ತೆ ಕೂಡಿ, ಪುಟ್ಟ ಪಂಜರದಂತಾಗಿತ್ತು. ಹನಿ ನೀರು ಬಿಟ್ಟರೆ ಪಂಜರಗಳ ಮೇಲೆಯೇ ಮುತ್ತಿನಂತೆ ನಿಂತಿತು. ಆ ರೋಮಗಳ ನಡುವೆ ಹಿಡಿದಿಟ್ಟ ಗಾಳಿ ಎಲೆಯನ್ನು ಒದ್ದೆಯಾಗಲು ಬಿಡುವುದಿಲ್ಲ. ಅದು ಸಾಲ್ವೀನಿಯಾ ಮೊಲೆಸ್ಟಾ, ನೀರಿನ ಮೇಲೆ ಹಬ್ಬಿ ಕಳೆಯಾಗುವ ಜರೀಗಿಡ. ಅಜೋಲಾದ ಹುರುಪೆಯಂಥ ಸಣ್ಣ ಎಲೆಗಳಲ್ಲಿ ಇಂಥ ಪಂಜರವಿರುವುದಿಲ್ಲ. ಈ ಕಳೆಯನ್ನು ವಿಜ್ಞಾನಿಗಳೇ ಬಹುಕಾಲ ಸಾಲ್ವೀನಿಯಾ ಆರಿಕ್ಯುಲೇಟಾ ಎಂದು ತಿಳಿದಿದ್ದರು. 1972ರಲ್ಲಿ ಇದು ಬೇರೆಯೇ ಪ್ರಭೇದವೆಂದು ಹೆಸರಿಟ್ಟ ಮೇಲೆ ಇದರ ತವರು ಆಗ್ನೇಯ ಬ್ರೆಜಿಲ್ ಎಂದು ಪತ್ತೆಯಾಗಿ, ಇದನ್ನೇ ತಿನ್ನುವ ಮೂತಿಹುಳು ಅಲ್ಲಿ ಸಿಕ್ಕಿತು. 1980ರ ದಶಕದಲ್ಲಿ ಕೇರಳದ ನೀರುಗಳಲ್ಲಿ ಕಳೆ ತಗ್ಗಿದ್ದು ಆ ಹುಳುವಿನಿಂದ. ಈ ಸಸ್ಯ ಬೀಜಾಣುಗಳಿಂದ ಹರಡುವುದಿಲ್ಲ, ಮುರಿದ ತುಂಡಿನಿಂದಲೇ ಹಬ್ಬುತ್ತದೆ. ಅದಕ್ಕಾಗಿ ಬಕೆಟ್ಟನ್ನು ಕಣದಲ್ಲಿ ಬೋರಲು ಹಾಕಿ, ಒಂದೊಂದು ಚೂರನ್ನೂ ಆರಿಸಿ, ಬಿಸಿಲಿಗೆ ಒಣಗಿಸಿ ಸುಟ್ಟೆವು.

ಈಗ ಪಂಪ್‌ಮನೆಯ ಕಟ್ಟೆಯ ಮೇಲೆ ಗಾಜಿನ ಬಾಟಲಿ, ಕೋಲು ಮತ್ತು ಒಂದು ಪುಸ್ತಕ ಇರುತ್ತವೆ. ಬೇಸಗೆಯಲ್ಲಿ ಆ ಹಿರಿಯರು ಮೋಟರ್ ಹಾಕುವ ಮುನ್ನ ಬಾಟಲಿಯನ್ನು ಬೆಳಕಿಗೆ ಹಿಡಿದು, ದಿನಾಂಕದ ಮುಂದೆ "ಮೇಲೆ" ಅಥವಾ "ಕೆಳಗೆ" ಎಂದು ಬರೆಯುತ್ತಾರೆ. ಕಳೆದ ಮಾರ್ಚ್‌ನ ಪುಟದಲ್ಲಿ "ಮೇಲೆ" ಎಂಬುದು ಎರಡು ಸಲ ಮಾತ್ರ ಇದೆ.