ಸಪುರ ಮಗು, ತೋರ ಮಗು: ತೂಕದ ಮೆಷಿನ್ ಪಕ್ಕ ನಿಂತು ಕಂಡದ್ದು

ಮಲ್ಪೆ ಕಡೆಯ ಒಂದು ಉಪಕೇಂದ್ರದಲ್ಲಿ ನನ್ನ ಕೆಲಸ. ಸರಕಾರಿ ಕಾಗದದಲ್ಲಿ ಹುದ್ದೆಯ ಹೆಸರು ಉದ್ದ ಉಂಟು, ಊರಿನವರಿಗೆ ನಾನು ಬರೇ ಸಿಸ್ಟರ್. ಗುರುವಾರ ಲಸಿಕೆಯ ದಿನ. ಚುಚ್ಚುಮದ್ದು ಕೊಡಲು ಎರಡು ನಿಮಿಷ ಸಾಕು, ಮಿಕ್ಕ ಹೊತ್ತೆಲ್ಲ ಹೋಗುವುದು ತೂಕದ ಮಾತಿಗೆ. "ಆಚೆ ಮನೆಯ ಮಗು ಎಷ್ಟು ತೋರ ಆಗಿದೆ ನೋಡಿ ಸಿಸ್ಟರ್, ನಮ್ಮದು ಸಪುರವೇ. ಇವಳ ಹಾಲು ಸಾಕಾಗುವುದಿಲ್ಲ ಅಂತ ಕಾಣ್ತದೆ" ಎಂದು ಅಜ್ಜಿ ಹೇಳುವಾಗ ಬಾಣಂತಿ ನೆಲ ನೋಡುತ್ತಾ ನಿಂತಿರುತ್ತಾಳೆ. ಆ ವಾರವೇ ಆ ಮನೆಗೆ ಡಬ್ಬದ ಹಾಲು ಬರುತ್ತದೆ. ಹಾಗಾಗಿ ತೂಕ ನೋಡುವುದನ್ನು ನಾನು ಚಿಕ್ಕ ಕೆಲಸ ಅಂತ ಎಣಿಸುವುದಿಲ್ಲ.

ಮೊದಲು ಮೆಷಿನ್ ವಿಷಯ. ಡಿಜಿಟಲ್ ತಕ್ಕಡಿಯನ್ನು ನಾನು ಇಡುವುದು ನೆಲದ ಮೇಲೆ. ಅಲುಗಾಡುವ ಮೇಜು, ಚಾಪೆ ಎರಡೂ ಬೇಡ. ಫ್ಯಾನ್ ಆಫ್. ಉಡುಪಿಯ ಸೆಕೆಗೆ ಫ್ಯಾನ್ ಆಫ್ ಮಾಡಿದರೆ ಕೋಣೆಯಲ್ಲಿದ್ದವರೆಲ್ಲ ಗೊಣಗುತ್ತಾರೆ, ಆದರೆ ಗಾಳಿ ತಟ್ಟೆಯ ಮೇಲೆ ಬೀಸುತ್ತಿದ್ದರೆ ಅಂಕಿ ಒಂದು ಕಡೆ ನಿಲ್ಲುವುದೇ ಇಲ್ಲ. ತೆಳು ಬಟ್ಟೆ ಹಾಸಿ, ಸೊನ್ನೆಗೆ ತಂದು, ಆಮೇಲೆ ಮಗುವನ್ನು ಬರಿ ಮೈಯಲ್ಲಿ ಮಲಗಿಸುವುದು. ಡೈಪರ್ ಇದ್ದರೆ ತೆಗೆಯಲೇಬೇಕು, ಒದ್ದೆಯಾದ ಡೈಪರ್ ಒಂದೇ 100 ಗ್ರಾಂ ದಾಟುವುದುಂಟು. ವಾರಕ್ಕೆ 150 ಗ್ರಾಂ ಏರಬೇಕಾದ ಮಗುವಿನಲ್ಲಿ 100 ಗ್ರಾಂ ತಪ್ಪಿದರೆ ಲೆಕ್ಕವೆಲ್ಲ ಹಾಳು. ಇದೇ ಕಾರಣಕ್ಕೆ ಹಳೆಯ ತೂಗು ತಕ್ಕಡಿಯನ್ನು ಎಳೆ ಶಿಶುಗಳಿಗೆ ಬಳಸುವುದು ನನಗೆ ಸರಿ ಕಾಣುವುದಿಲ್ಲ. ಅದರ ಒಂದೊಂದು ಗೆರೆಯೇ 100 ಗ್ರಾಂ. ಒಂದು ತಕ್ಕಡಿಯಲ್ಲಿ ನೋಡಿದ್ದನ್ನು ಇನ್ನೊಂದರ ಅಂಕಿಯೊಂದಿಗೆ ಹೋಲಿಸುವುದೂ ಬೇಡ. ಆಸ್ಪತ್ರೆಯಲ್ಲಿ ಒಂದು ತೂಕ, ಅಂಗನವಾಡಿಯಲ್ಲಿ ಇನ್ನೊಂದು, ಮೆಡಿಕಲ್ ಶಾಪಿನಲ್ಲಿ ಮತ್ತೊಂದು ಬಂದು ರಾತ್ರಿ ನಿದ್ದೆಗೆಟ್ಟ ಮನೆಗಳು ನನ್ನ ವ್ಯಾಪ್ತಿಯಲ್ಲಿ ಬೇಕಾದಷ್ಟಿವೆ.

ಮೊದಲ ವಾರದ ಹೆದರಿಕೆ ಬೇರೆಯದೇ. ಹುಟ್ಟಿದ ಮಗು ಮೊದಲು ಇಳಿಯುತ್ತದೆ, ಮತ್ತೆ ಏರುತ್ತದೆ. 3 ಕಿಲೋ ಹುಟ್ಟಿದ್ದು ಮೂರನೇ ದಿನ 2 ಕಿಲೋ 800ಕ್ಕೆ ಬಂದರೆ ಅದು ಶೇಕಡ 7ರ ಒಳಗೇ. ಶೇಕಡ 10ರ ಹತ್ತಿರ ಹೋದರೆ ಮಾತ್ರ ನಾನು ಪಕ್ಕ ಕೂತು ಹಾಲು ಕುಡಿಸುವುದನ್ನು ಪೂರ್ತಿ ನೋಡುತ್ತೇನೆ. ಹೆಚ್ಚಿನ ಮಕ್ಕಳು ಹತ್ತರಿಂದ ಹದಿನಾಲ್ಕು ದಿನದೊಳಗೆ ಹುಟ್ಟಿದ ತೂಕಕ್ಕೆ ವಾಪಸು ಬರುತ್ತಾರೆ. ಡಬ್ಬದ ಹಾಲು ಕುಡಿಯುವ ಮಗು ಇಳಿಯುವುದು ಕಡಿಮೆ, ಏರುವುದು ಬೇಗ, ಯಾಕೆಂದರೆ ಅದಕ್ಕೆ ಮೊದಲ ದಿನದಿಂದಲೇ ಬಾಟಲಿ ತುಂಬ ಸಿಗುತ್ತದೆ. ತಾಯಿಯ ಗಿಣ್ಣುಹಾಲು ಬರುವುದು ಚಮಚದ ಲೆಕ್ಕದಲ್ಲಿ. ಸಿಸೇರಿಯನ್‌ಗೆ ಮುಂಚೆ ತಾಯಿಗೆ ಡ್ರಿಪ್ ಜಾಸ್ತಿ ಹೋಗಿದ್ದರೆ ಮಗುವಿನ ಮೈಯಲ್ಲೂ ನೀರು ಸೇರಿ, ಹುಟ್ಟಿದ ತೂಕವೇ ಸ್ವಲ್ಪ ಉಬ್ಬಿರುತ್ತದೆ. ಆ ನೀರು ಉಚ್ಚೆಯಲ್ಲಿ ಹೋದದ್ದನ್ನು ಹಾಲಿನ ಕೊರತೆ ಎಂದು ಬರೆದುಬಿಟ್ಟರೆ ಡಿಸ್ಚಾರ್ಜಿನ ಹೊತ್ತಿಗೇ ಕೈಗೆ ಬಾಟಲಿ. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಹೋಗುತ್ತಾಳಲ್ಲ, ಅವಳಿಗೆ ನಾನು ಹೇಳುವುದು ಇಷ್ಟೆ: ಏಳನೇ ದಿನದ ತೂಕ ಮೂರನೇ ದಿನದ್ದಕ್ಕಿಂತ ಮೇಲೆ ಉಂಟಾ ನೋಡು, ಹುಟ್ಟಿದ ತೂಕದ ಮಾತು ಆಮೇಲೆ.

ಇನ್ನು ನಿಜವಾದ ಗಲಾಟೆ ಶುರುವಾಗುವುದು ಮೂರು ತಿಂಗಳ ನಂತರ. ಒಂದೇ ಮನೆಯ ಇಬ್ಬರು ವಾರಗಿತ್ತಿಯರ ಮಕ್ಕಳ ಕತೆ ಹೇಳುತ್ತೇನೆ. ಹಿರಿಯವಳಿಗೆ ಗಂಡು, ಮೊದಲ ತಿಂಗಳಿಂದ ಡಬ್ಬದ ಹಾಲು. ಕಿರಿಯವಳಿಗೆ ಹೆಣ್ಣು, ಬರೇ ಎದೆಹಾಲು. ಎರಡೂ ಸುಮಾರು 3 ಕಿಲೋಕ್ಕೆ ಹುಟ್ಟಿದ್ದು, ಮೂರು ತಿಂಗಳ ತನಕ ಹೆಚ್ಚು ಅಂತರ ಇರಲಿಲ್ಲ. ಆರು ತಿಂಗಳಿಗೆ ಹುಡುಗ 8 ಕಿಲೋ 600, ಹುಡುಗಿ 7 ಕಿಲೋ. ಅಜ್ಜಿ ಇಬ್ಬರನ್ನೂ ಅಕ್ಕಪಕ್ಕ ಮಲಗಿಸಿ, "ಇದಕ್ಕೆ ನ್ಯಾಯ ನೀವೇ ಹೇಳಿ" ಎಂದರು.

ನಾನು ತಾಯಿ ಕಾರ್ಡ್ ಬಿಡಿಸಿದೆ. ಅದರಲ್ಲಿ ಗಂಡಿಗೆ ನೀಲಿ ಪುಟ, ಹೆಣ್ಣಿಗೆ ಗುಲಾಬಿ ಪುಟ ಬೇರೆ ಇಟ್ಟದ್ದು ಚಂದಕ್ಕಲ್ಲ. ಆರು ತಿಂಗಳಿಗೆ ನಡುಗೆರೆಯ (ಅರ್ಧ ಮಕ್ಕಳು ಮೇಲೆ, ಅರ್ಧ ಮಕ್ಕಳು ಕೆಳಗೆ ಬೀಳುವ ಗೆರೆ) ತೂಕ ಗಂಡಿಗೆ 7 ಕಿಲೋ 900, ಹೆಣ್ಣಿಗೆ 7 ಕಿಲೋ 300. ಅಲ್ಲಿಗೇ 600 ಗ್ರಾಂ ಹೋಯಿತು. ಉಳಿದದ್ದರಲ್ಲಿ ಅಪ್ಪ-ಅಮ್ಮನ ಮೈಕಟ್ಟಿನ ಪಾಲು ಸ್ವಲ್ಪ, ಹಾಲಿನ ಪಾಲು ಸ್ವಲ್ಪ. ಎದೆಹಾಲಿನ ಮಗು ಮೊದಲ ಎರಡು-ಮೂರು ತಿಂಗಳು ಡಬ್ಬದ ಹಾಲಿನ ಮಗುವಿಗೆ ಸಮನಾಗಿಯೇ ಓಡುತ್ತದೆ, ಆಮೇಲೆ ತೂಕದ ವೇಗ ತಗ್ಗಿಸುತ್ತದೆ. ಅಮೆರಿಕದ ಡೇವಿಸ್ ಎಂಬ ಊರಿನಲ್ಲಿ ಎರಡೂ ಬಗೆಯ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿ ನೋಡಿದಾಗ ವರ್ಷದ ಹೊತ್ತಿಗೆ ಎದೆಹಾಲಿನವರು ಸರಾಸರಿ 600 ಗ್ರಾಂಗಿಂತ ತುಸು ಹೆಚ್ಚು ಹಗುರ ಇದ್ದರು, ಆದರೆ ಉದ್ದದಲ್ಲೂ ತಲೆಯ ಸುತ್ತಳತೆಯಲ್ಲೂ ಹಿಂದೆ ಬಿದ್ದಿರಲಿಲ್ಲ. ಅಂದರೆ ಎಲುಬು, ಮೆದುಳು ಬೆಳೆಯುವುದರಲ್ಲಿ ಕೊರತೆ ಇಲ್ಲ, ಮೈಗೆ ಹತ್ತುವ ಕೊಬ್ಬಿನಲ್ಲಿ ಮಾತ್ರ ವ್ಯತ್ಯಾಸ. ಡಬ್ಬದ ಹಾಲಿನಲ್ಲಿ ಪ್ರೋಟೀನ್ ಎದೆಹಾಲಿಗಿಂತ ಜಾಸ್ತಿ. ಅದಕ್ಕಿಂತ ದೊಡ್ಡದು, ಬಾಟಲಿಯಲ್ಲಿ ಎಷ್ಟು ಉಳಿದಿದೆ ಎಂದು ಕುಡಿಸುವವರಿಗೆ ಕಾಣುತ್ತದೆ, ಅದನ್ನು ಮುಗಿಸಲು ನೋಡುತ್ತಾರೆ. ಎದೆಯಲ್ಲಿ ಸಾಕಾದರೆ ಮಗು ತಾನೇ ಬಿಟ್ಟುಬಿಡುತ್ತದೆ.

ಹಿಂದಿನ ಕಾಲದ ಚಾರ್ಟುಗಳಿಗೂ ಈ ಗೊಂದಲದಲ್ಲಿ ಪಾಲು ಉಂಟು. 1977ರ ಅಮೆರಿಕದ ಗೆರೆಗಳು ಹೆಚ್ಚಾಗಿ ಬಾಟಲಿ ಹಾಲು ಕುಡಿದ ಮಕ್ಕಳ ತೂಕದಿಂದ ಎಳೆದವು. ಅದರ ಮೇಲೆ ಎದೆಹಾಲಿನ ಮಗುವಿನ ಚುಕ್ಕಿ ಇಟ್ಟರೆ ನಾಲ್ಕನೇ ತಿಂಗಳಿಂದ ಕೆಳಗೆ ಜಾರಿದ ಹಾಗೆ ಕಾಣುತ್ತಿತ್ತು, "ಮೇಲಿನ ಹಾಲು ಶುರು ಮಾಡಿ" ಎಂಬ ಸಲಹೆ ಹುಟ್ಟುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳಲ್ಲಿ ಎದೆಹಾಲಿನ ಮಕ್ಕಳನ್ನೇ ಅಳೆದು 2006ರಲ್ಲಿ ಹೊಸ ಗೆರೆ ಕೊಟ್ಟಿತು. ಭಾರತದ ಮಕ್ಕಳು ದಿಲ್ಲಿಯವರು. ಈಗ ನಮ್ಮ ಕಾರ್ಡಿನಲ್ಲಿ ಇರುವುದು ಅದೇ. ಹಸಿರು (ಸರಿ ತೂಕ), ಹಳದಿ (ಕಡಿಮೆ), ಕಿತ್ತಳೆ (ತೀರ ಕಡಿಮೆ) ಬಣ್ಣ ನೋಡಿಯೇ ಹೆದರುವವರಿಗೆ ನಾನು ಹೇಳುವುದು, ಬಣ್ಣಕ್ಕಿಂತ ಮೊದಲು ಚುಕ್ಕಿಗಳನ್ನು ಸೇರಿಸಿದ ಗೆರೆ ಎತ್ತ ಹೋಗುತ್ತಿದೆ ನೋಡಿ ಎಂದು. ಹಸಿರಿನ ಕೆಳಗಿನ ಅಂಚಿನಲ್ಲೇ ಸಮನಾಗಿ ಏರುವ ಮಗು ಆರಾಮ. ಹಸಿರಿನ ನಡುವೆ ಇದ್ದು ಎರಡು ತಿಂಗಳಿಂದ ಅಡ್ಡಡ್ಡ ಹೋಗುವ ಗೆರೆ ನನಗೆ ಇಷ್ಟವಾಗುವುದಿಲ್ಲ.

ಆ ಮನೆಯಲ್ಲಿ ನನ್ನ ಕಣ್ಣು ಹೋದದ್ದು ಹುಡುಗಿಯ ಮೇಲಲ್ಲ, ಹುಡುಗನ ಗೆರೆಯ ಮೇಲೆ. ಮೂರನೇ ತಿಂಗಳಲ್ಲಿ ನಡುಗೆರೆಗಿಂತ ಕೆಳಗಿದ್ದದ್ದು ಆರಕ್ಕೆ ಮೇಲೆ ಹಾರಿತ್ತು. ಬಾಟಲಿ ತೋರಿಸಿ ಎಂದೆ. ನಿಪ್ಪಲ್ಲಿನ ತೂತನ್ನು ಬಿಸಿ ಸೂಜಿಯಿಂದ ದೊಡ್ಡ ಮಾಡಿದ್ದರು, "ಮಗು ಚೀಪಿ ಸುಸ್ತಾಗ್ತದೆ" ಅಂತ. ಬಗ್ಗಿಸಿದರೆ ಹಾಲು ಧಾರೆಯಾಗಿ ಬೀಳುತ್ತಿತ್ತು. ಹೊಸ ನಿಪ್ಪಲ್ ತರಿಸಿ, ಮಗುವನ್ನು ಸ್ವಲ್ಪ ಎದ್ದ ಹಾಗೆ ಕೂರಿಸಿ, ಬಾಟಲಿ ಅಡ್ಡ ಹಿಡಿದು, ನಡುನಡುವೆ ತೆಗೆದು, ಮುಖ ತಿರುಗಿಸಿದ ಕೂಡಲೆ ನಿಲ್ಲಿಸುವುದನ್ನು ಹಿರಿಯ ಸೊಸೆಗೆ ತೋರಿಸಿಕೊಟ್ಟೆ. ತಳದಲ್ಲಿ ಉಳಿದದ್ದನ್ನು ಚೆಲ್ಲುವುದು ಅಜ್ಜಿಗೆ ಮಹಾಕಷ್ಟ. ಡಬ್ಬಕ್ಕೆ ಕೊಟ್ಟ ದುಡ್ಡು ಅವರ ಕಣ್ಣಮುಂದೆ ಬರುತ್ತದೆ, ತಪ್ಪೇನಲ್ಲ. ಅದಕ್ಕೆ ಮೊದಲೇ ಕಡಿಮೆ ಕಲಸಿ, ಬೇಕಾದರೆ ಮತ್ತೆ ಕಲಸಿ ಎಂದೆ. ಹಿಂದೆ ಶಿಶು ಸ್ಪರ್ಧೆಗಳಲ್ಲಿ ಮಡಿಕೆ ಮಡಿಕೆ ಕೈಕಾಲಿನ ಮಗುವಿಗೇ ಬಹುಮಾನ ಕೊಟ್ಟು ಕೊಟ್ಟು ಒಂದು ತಲೆಮಾರಿನ ಕಣ್ಣನ್ನೇ ಕೆಡಿಸಿದ್ದಾರೆ ಅಂತ ನನ್ನ ಅಭಿಪ್ರಾಯ.

ಡಬ್ಬದ ಹಾಲು ಅಂದರೆ ತೋರ ಆಗಲೇಬೇಕು ಅಂತೇನಿಲ್ಲ. ಕರಾವಳಿಯ ಮನೆಗಳಲ್ಲಿ ಇನ್ನೊಂದು ತಾಪತ್ರಯ ಉಂಟು. ಅಪ್ಪ ದುಬೈಯಲ್ಲಿ, ರಜೆಗೆ ಬರುವಾಗ ಸೂಟ್‌ಕೇಸಿನಲ್ಲಿ ಅಲ್ಲಿಯ ಡಬ್ಬ. ಇಲ್ಲಿ ಸಿಗುವ ಹೆಚ್ಚಿನ ಡಬ್ಬಗಳಲ್ಲಿ ಒಂದು ಚಮಚ ಹುಡಿಗೆ 30 ಮಿಲಿ ನೀರು. ಹೊರಗಿಂದ ಬರುವ ಕೆಲವದರಲ್ಲಿ ಚಮಚ ದೊಡ್ಡದು, ಒಂದಕ್ಕೆ 60 ಮಿಲಿ. ಕಳೆದ ಮಳೆಗಾಲದಲ್ಲಿ ಒಂದು ನಾಲ್ಕು ತಿಂಗಳ ಮಗು ಬಂತು. ಹಿಂದಿನ ತಿಂಗಳಿಗಿಂತ 200 ಗ್ರಾಂ ಸಹ ಏರಿಲ್ಲ. ಉಚ್ಚೆ ಎಷ್ಟು ಸಲ ಎಂದು ಕೇಳಿದರೆ, "ಅಯ್ಯೋ, ಬಟ್ಟೆ ಒಣಗಿಸಿ ಸಾಕಾಯ್ತು ಮಾರಾಯ್ತಿ" ಎಂದರು ಅಜ್ಜಿ. ಮನೆಗೆ ಹೋಗಿ ಕಲಸುವುದನ್ನು ನೋಡಿದೆ. ಹುಡಿ ಹೊಸ ಡಬ್ಬದ್ದು, ನೀರಿನ ಅಳತೆ ಹೊಸ ಡಬ್ಬದ್ದು, ಚಮಚ ಮಾತ್ರ ಹಳೆಯದು. ಹಾಲು ಅರ್ಧಕ್ಕರ್ಧ ತೆಳು. ಹೊಟ್ಟೆ ತುಂಬುತ್ತಿತ್ತು, ಬಟ್ಟೆ ಒದ್ದೆಯಾಗುತ್ತಿತ್ತು, ಶಕ್ತಿ ಮಾತ್ರ ಸಿಗುತ್ತಿರಲಿಲ್ಲ. ಎದೆಹಾಲಿನ ಮಗುವಿಗೆ ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಉಚ್ಚೆ ಆದರೆ ಹಾಲು ಹೋಗುತ್ತಿದೆ ಎಂದು ಸಾಮಾನ್ಯವಾಗಿ ಧೈರ್ಯ ಹೇಳಬಹುದು. ಬಾಟಲಿಯ ಮಗುವಿಗೆ ಅದೊಂದನ್ನೇ ನಂಬಿ ಕೂರುವ ಹಾಗಿಲ್ಲ. ಆವತ್ತಿನಿಂದ ಬಾಟಲಿಯ ಮಗು ಬಂದರೆ ಡಬ್ಬ, ಚಮಚ, ಬಾಟಲಿ ಮೂರನ್ನೂ ಚೀಲದಲ್ಲಿ ಹಾಕಿಕೊಂಡೇ ಬನ್ನಿ ಎನ್ನುತ್ತೇನೆ. ಚಮಚ ಒತ್ತಿ ತುಂಬಬಾರದು, ಅಂಚಿಗೆ ಸಮ ಮಾಡಬೇಕು. ನೀರು ಕುದಿಸಿ, ತೀರ ಆರುವ ಮೊದಲು, 70 ಡಿಗ್ರಿಗಿಂತ ತಗ್ಗದಿರುವಾಗಲೇ ಹುಡಿ ಹಾಕಬೇಕು, ಯಾಕೆಂದರೆ ಹುಡಿಯಲ್ಲೂ ರೋಗಾಣು ಇರಬಹುದು. ಆಮೇಲೆ ತಣ್ಣೀರಿನಲ್ಲಿ ಬಾಟಲಿ ಇಟ್ಟು ಆರಿಸಿ, ಮುಂಗೈಗೆ ಹನಿ ಬಿಟ್ಟು ನೋಡಿ ಕುಡಿಸುವುದು. ರಾಗಿ ಹುಡಿ, ಬಿಸ್ಕತ್ತು ಹುಡಿ ಬಾಟಲಿಗೆ ಸೇರಿಸುವುದು ಬೇಡವೇ ಬೇಡ.

ಎದೆಹಾಲು ನಿಜವಾಗಿ ಸಾಲದ ಮಕ್ಕಳೂ ಇದ್ದಾರೆ, ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೆಚ್ಚಾಗಿ ಕಾರಣ ಬಾಯಿ ಹಿಡಿಯುವ ಕ್ರಮದಲ್ಲಿರುತ್ತದೆ. ಮೊಲೆತೊಟ್ಟು ಮಾತ್ರ ಬಾಯಲ್ಲಿ, ಸುತ್ತಲಿನ ಕಪ್ಪು ಭಾಗ ಹೊರಗೆ, ಕೆನ್ನೆ ಒಳಕ್ಕೆ ಹೋಗಿ 'ಚಪ್ ಚಪ್' ಸದ್ದು, ನುಂಗುವ ಸದ್ದೇ ಇಲ್ಲ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳು ಎರಡು ಗುಟುಕಿಗೆ ನಿದ್ದೆ ಹೋಗುತ್ತವೆ, ಮನೆಯವರು "ಪಾಪದ ಮಗು, ಅಳುವುದೇ ಇಲ್ಲ" ಎಂದು ಹೊಗಳುತ್ತಾರೆ. ಅಂಥ ಮಗುವನ್ನು ಎಬ್ಬಿಸಿ ಎಬ್ಬಿಸಿ ಎರಡು-ಮೂರು ಗಂಟೆಗೊಮ್ಮೆ ಕುಡಿಸಬೇಕು, ಉಳಿದ ಹಾಲು ಹಿಂಡಿ ಒಳಲೆಯಲ್ಲೋ ಚಮಚದಲ್ಲೋ ಕೊಡಬೇಕು. ಇಷ್ಟು ಮಾಡಿಯೂ ಏರದಿದ್ದರೆ ಡಾಕ್ಟರು ಹೇಳಿದಷ್ಟು ಮೇಲುಹಾಲು ಸೇರಿಸುವುದರಲ್ಲಿ ಅವಮಾನ ಏನೂ ಇಲ್ಲ. ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯಲ್ಲಿ ತಾಯಿಹಾಲಿನ ಬ್ಯಾಂಕ್ ಉಂಟು, ಅಲ್ಲಿ ದಾಖಲಾದ ಎಳೆ ಶಿಶುಗಳಿಗೆ ಅದರ ಆಸರೆಯೂ ಸಿಗುತ್ತದೆ. ಗೇರುಬೀಜ ಫ್ಯಾಕ್ಟರಿಗೆ ವಾಪಸು ಹೋಗುವ ತಾಯಂದಿರಿಗೆ ಬೆಳಿಗ್ಗೆ, ಸಂಜೆ, ರಾತ್ರಿ ಎದೆಹಾಲು, ನಡುವೆ ಹಿಂಡಿಟ್ಟದ್ದು, ಅದೂ ಸಾಲದಿದ್ದರೆ ಡಬ್ಬ. ಎರಡೂ ಕುಡಿದು ಚಂದ ಬೆಳೆದ ಮಕ್ಕಳು ನಮ್ಮಲ್ಲಿ ಬೇಕಾದಷ್ಟು.

ನಾನು ಮನಸ್ಸಿನಲ್ಲಿ ಇಟ್ಟುಕೊಂಡ ಲೆಕ್ಕ ಹೀಗೆ. ಮೊದಲ ಮೂರು ತಿಂಗಳು ದಿನಕ್ಕೆ 25ರಿಂದ 30 ಗ್ರಾಂ. ಮೂರರಿಂದ ಆರರ ತನಕ 15ರಿಂದ 20. ಆಮೇಲೆ ವರ್ಷದ ತನಕ 10ರ ಆಸುಪಾಸು. ಐದು ತಿಂಗಳಿಗೆ ಹುಟ್ಟಿದ ತೂಕದ ಎರಡರಷ್ಟು, ವರ್ಷಕ್ಕೆ ಮೂರರಷ್ಟು. ಆರು ತಿಂಗಳಾದ ಮೇಲೆ ಮಣ್ಣಿ ಶುರು ಮಾಡಿಯೂ ವೇಗ ಇಳಿಯಿತೆಂದು ಗಾಬರಿಯಾಗುವವರು ಈ 10 ಗ್ರಾಂನ ಲೆಕ್ಕ ನೋಡಬೇಕು. ಆಗ ಮಗು ತೆವಳುತ್ತದೆ, ಮಗುಚುತ್ತದೆ, ತಿಂದದ್ದು ಅದಕ್ಕೇ ಖರ್ಚು. ರಾಗಿ ಮಣ್ಣಿ ತೆಳು ಗಂಜಿಯ ಹಾಗಿರದೆ ಚಮಚದಿಂದ ಜಾರದಷ್ಟು ದಪ್ಪ ಇರಲಿ, ಮೇಲೆ ಅರ್ಧ ಚಮಚ ತುಪ್ಪವೋ ತೆಂಗಿನೆಣ್ಣೆಯೋ ಬೀಳಲಿ. ಕೆಲವರು ಆನ್‌ಲೈನಿನಲ್ಲಿ ತಕ್ಕಡಿ ತರಿಸಿ ದಿನಾ ತೂಗಿ, ವಿಡಿಯೋ ಕಾಲಿನಲ್ಲಿ ದುಬೈಗೆ ತೋರಿಸುತ್ತಾರೆ. ಕಕ್ಕ ಮಾಡುವ ಮೊದಲು ಒಂದು ತೂಕ, ಮಾಡಿದ ಮೇಲೆ ಒಂದು ತೂಕ, ಅದರ ಮೇಲೆ ಅಲ್ಲಿಂದ ಪ್ರಶ್ನೆ. ಚೆನ್ನಾಗಿರುವ ಮಗುವಿಗೆ ತಿಂಗಳಿಗೊಮ್ಮೆ ಸಾಕು.

ಎರಡು ವಾರ ಕಳೆದರೂ ಹುಟ್ಟಿದ ತೂಕಕ್ಕೆ ಬಾರದ ಮಗು, ಮೊದಲ ಎರಡು ತಿಂಗಳಲ್ಲಿ ದಿನಕ್ಕೆ 20 ಗ್ರಾಂ ಸಹ ಏರದ ಮಗು, ಉಚ್ಚೆ ಕಡಿಮೆಯಾಗಿ ಬಟ್ಟೆಯಲ್ಲಿ ಕೆಂಪು ಇಟ್ಟಿಗೆ ಬಣ್ಣ ಕಾಣುವುದು ಐದನೇ ದಿನ ಕಳೆದರೂ ನಿಲ್ಲದಿದ್ದರೆ, ಹಾಲು ಕುಡಿಯುವಾಗ ಬೆವರಿ ಏದುಸಿರು ಬಿಡುವ ಮಗು, ಎಬ್ಬಿಸಿದರೂ ಏಳದೆ ಕುಡಿಯದೆ ಬಿದ್ದಿರುವ ಮಗು: ಇವಕ್ಕೆಲ್ಲ ಮುಂದಿನ ಗುರುವಾರ ಬನ್ನಿ ಎಂದು ನಾನು ಹೇಳುವುದಿಲ್ಲ. ಅಲ್ಲೇ ಚೀಟಿ ಬರೆದು, ರಿಕ್ಷಾ ಮಾಡಿಸಿ, ಅದೇ ದಿನ ಮಕ್ಕಳ ಡಾಕ್ಟರ ಬಳಿ ಕಳಿಸುತ್ತೇನೆ.